ರೆಕ್ಕೆಯೊಳಗಿನ ಸೀಳು

ವಾಯುಪಡೆಯಲ್ಲಿ ನಾನು ವಿಮಾನ ಹಾರಿಸಿದವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸನಗರದಲ್ಲಿ ನನ್ನನ್ನು ಯಾರಿಗಾದರೂ ಪರಿಚಯಿಸುವವರು 'ಇವ್ರು ಪ್ಲೇನ್ ಬಿಡ್ತಿದ್ರು' ಎಂದೇ ಶುರು ಮಾಡುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ. ನಾನು ಫಿಟ್ಟರ್, ವಿಮಾನದ ಮೈ ನೋಡಿಕೊಳ್ಳುವವನು. ಬೋಲ್ಟು, ತಂತಿ, ಬಟ್ಟೆ, ಮರ, ತುಕ್ಕು, ಇವುಗಳ ನಡುವೆ ಇಪ್ಪತ್ತು ವರ್ಷ ಕಳೆದು ಸಾರ್ಜೆಂಟ್ ಆಗಿ ಹೊರಬಂದೆ. ಹಾರಿಸುವವರು ವಿಮಾನ ಹತ್ತುವ ಮೊದಲು ಒಂದು ಪುಸ್ತಕ ತೆರೆದು ನೋಡುತ್ತಾರೆ. ಅದರಲ್ಲಿ ನನ್ನಂಥವನ ಸಹಿ ಇದ್ದರೆ ಹತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ನನ್ನ ಜೀವಮಾನದ ಕೆಲಸವೆಂದರೆ ಆ ಸಹಿ.

ಹಾಗಾಗಿ ಸಹಿಯ ವಿಷಯದಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬ್ಯಾಂಕಿನಲ್ಲಿ ತೋರಿಸಿದಲ್ಲೆಲ್ಲ ಓದದೆ ಗೀಚುವವರನ್ನು ಕಂಡರೆ ಪೆನ್ನು ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಹೆಂಡತಿ ಇಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿ. ಅವಳು ಸಂತೆಯಿಂದ ತಂದ ತರಕಾರಿಯನ್ನೂ ನಾನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವುದುಂಟು. 'ಬದನೆಕಾಯಿಗೂ ಸಹಿ ಹಾಕ್ತೀರಾ?' ಎಂದು ಅವಳು ಕೇಳುತ್ತಾಳೆ. ಇಂಥ ನಾನೇ ನೋಡದೆ ಸಹಿ ಹಾಕಿದೆ ಎಂದರೆ ಯಾರೂ ನಂಬುವುದಿಲ್ಲ. ಬಹಳ ಕಾಲ ಯಾರೂ ಅನುಮಾನಿಸಲೂ ಇಲ್ಲ.

ನಿವೃತ್ತಿಯ ಮೇಲೂ ವಿಮಾನ ನನ್ನನ್ನು ಬಿಡಲಿಲ್ಲ. ನಾನು ಸೇವೆಯಲ್ಲಿದ್ದಾಗ ಪೈಲಟ್ ಆಗಿದ್ದ ಅಧಿಕಾರಿಯೊಬ್ಬರು ತೀರ್ಥಹಳ್ಳಿಯವರು. ಅವರೂ ನಿವೃತ್ತರಾಗಿ ಊರಿಗೆ ಮರಳಿದ್ದರು. ಬೆಂಗಳೂರಿನ ಹೊರವಲಯದ ಶೆಡ್ಡೊಂದರಲ್ಲಿ ದೂಳು ತಿನ್ನುತ್ತ ಬಿದ್ದಿದ್ದ ಹಳೆಯ ತರಬೇತಿ ವಿಮಾನವೊಂದು ಅವರ ಕಣ್ಣಿಗೆ ಬಿತ್ತು. ಮೇಲೊಂದು ಕೆಳಗೊಂದು ಎರಡು ಜೊತೆ ರೆಕ್ಕೆ, ಮುಂದೊಬ್ಬ ಹಿಂದೊಬ್ಬ ಕೂರುವ ಎರಡು ಗುಳಿ, ತಲೆಯ ಮೇಲೆ ಬರೀ ಆಕಾಶ. ನಮ್ಮ ಅಪ್ಪಂದಿರ ಕಾಲದ್ದು. ರೆಕ್ಕೆಯೆಲ್ಲ ಮರ, ಮರದ ಮೇಲೆ ಬಿಗಿದ ಬಟ್ಟೆ. ನಾಲ್ಕಾರು ಮಂದಿ ಪಿಂಚಣಿದಾರರು ಸೇರಿ ವರ್ಷಗಟ್ಟಲೆ ದುಡಿದು ಅದನ್ನು ಮತ್ತೆ ಹಾರುವಂತೆ ಮಾಡಿದೆವು. ಅಂದಿನಿಂದ ತಿಂಗಳಿಗೊಂದು ವಾರ ನಾನು ಆ ಶೆಡ್ಡಿನಲ್ಲಿರುತ್ತೇನೆ.

ಹಳೆಯ ವಿಮಾನವನ್ನು ಒಮ್ಮೆ ಹಾರಿಸುವುದು ದೊಡ್ಡದಲ್ಲ, ಹಾರುತ್ತಲೇ ಇರುವಂತೆ ಇಟ್ಟುಕೊಳ್ಳುವುದು ಕಷ್ಟ. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮಾಡಿದ ಕೈಗಳು ಇಲ್ಲ, ಮಾಡುವ ಬಗೆ ಬರೆದಿಟ್ಟ ಹಾಳೆಗಳು ಗೆದ್ದಲು ತಿಂದು ಅರ್ಧಕ್ಕೆ ಉಳಿದಿವೆ. ಪ್ರತಿ ವರ್ಷ ಅದು ಹಾರಲು ಯೋಗ್ಯವೆಂದು ಮತ್ತೆ ಮೊದಲಿನಿಂದ ತೋರಿಸಿಕೊಡಬೇಕು. ಇಷ್ಟೆಲ್ಲ ಮಾಡುವುದು ವರ್ಷಕ್ಕೊಮ್ಮೆ, ಚಳಿಗಾಲದ ವೈಮಾನಿಕ ಪ್ರದರ್ಶನದಲ್ಲಿ ಏಳೆಂಟು ನಿಮಿಷ ಅದು ಜನರ ಮುಂದೆ ಹಾರಲಿ ಎಂದು. ಹುಚ್ಚು ಅನ್ನುವವರು ಅನ್ನಲಿ.

ಆ ಏಳೆಂಟು ನಿಮಿಷ ನೋಡಿದವರಿಗೆ ಗೊತ್ತು. ಮೊದಲು ಜೆಟ್‌ಗಳು ಆಕಾಶ ಹರಿದುಕೊಂಡು ಹೋಗುತ್ತವೆ, ಜನ ಕಿವಿ ಮುಚ್ಚಿಕೊಂಡು ಕೂಗುತ್ತಾರೆ, ಮೊಬೈಲ್ ಎತ್ತುವಷ್ಟರಲ್ಲಿ ಅವು ಮಾಯ. ಆಮೇಲೆ ನಮ್ಮದು ಬರುತ್ತದೆ, ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡುತ್ತ. ಎದುರು ಗಾಳಿ ಇದ್ದರೆ ನಿಂತೇಬಿಟ್ಟಿತೇನೋ ಅನ್ನಿಸುವಷ್ಟು ನಿಧಾನ. ಒಳಗೆ ಕೂತವರ ಮುಖ ಕಾಣುತ್ತದೆ. ಜನ ಕೈ ಬೀಸಿದರೆ ಅವರೂ ಬೀಸುತ್ತಾರೆ. ಅಷ್ಟು ದೊಡ್ಡ ಗುಂಪು ಇದ್ದಕ್ಕಿದ್ದಂತೆ ಮೆತ್ತಗಾಗುತ್ತದೆ. ನನಗೂ ಸಂತೋಷವೇ, ಆದರೆ ಉಸಿರು ಹಿಡಿದು ನಿಂತಿರುತ್ತೇನೆ. ನನ್ನ ಸಂತೋಷ ಶುರುವಾಗುವುದು ಚಕ್ರ ನೆಲ ಮುಟ್ಟಿದ ಮೇಲೆ.

ಒಂದು ಮಳೆಗಾಲ ಶೆಡ್ಡಿನ ತಗಡು ಸೋರಿ, ಎಡಗಡೆಯ ಕೆಳರೆಕ್ಕೆಗೆ ನೀರು ಇಳಿಯಿತು. ನಮಗೆ ಗೊತ್ತಾಗುವಷ್ಟರಲ್ಲಿ ಏಳು ರಿಬ್ಬುಗಳು ಕೊಳೆತಿದ್ದವು. ರಿಬ್ ಎಂದರೆ ರೆಕ್ಕೆಯ ಪಕ್ಕೆಲುಬು. ಬೆರಳಿನಷ್ಟು ಸಣ್ಣ ಮರದ ಪಟ್ಟಿಗಳನ್ನು ಬಾಗಿಸಿ, ಅಂಟಿಸಿ ಅದನ್ನು ಕಟ್ಟುತ್ತಾರೆ. ಬಟ್ಟೆಯನ್ನು ಅದಕ್ಕೇ ಹೊಲಿಯುವುದು, ರೆಕ್ಕೆಗೆ ಆಕಾರ ಕೊಡುವುದೂ ಅದೇ. ಪೈಲಟ್ ಸಾಹೇಬರು ಹೇಗೋ ಮಾಡಿ ಹೊರದೇಶದಿಂದ ಇದಕ್ಕೆ ಒಪ್ಪುವ ಹಗುರ ಮರದ ಪಟ್ಟಿಗಳನ್ನು ತರಿಸಿದರು. ಲೆಕ್ಕ ಹಾಕಿ ಏಳಕ್ಕೆ ಸಾಕಾಗುವಷ್ಟು, ಮೇಲೊಂದು ಇಲ್ಲ. ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ನಾನು ತಡಮಾಡದೆ ನನ್ನ ಅಣ್ಣ ಎಂದೆ.

ನಮ್ಮದು ಸಾಗರದಲ್ಲಿ ಗಂಧದ ಕೆತ್ತನೆಯ ಮನೆತನ. ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಬೇಗ ಹೋದರು. ನನಗೆ ಉಳಿ ಹಿಡಿಯಲು, ಮರದ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡಲು ಕಲಿಸಿದವನು ಅವನೇ. ನಾನು ಹದಿನೆಂಟಕ್ಕೆ ವಾಯುಪಡೆ ಸೇರಿದೆ, ಅವನು ಅದೇ ಜಗಲಿಯಲ್ಲಿ ಉಳಿದ. ಈ ರಿಬ್ಬಿನ ಕೆಲಸ ಬರುವ ಹೊತ್ತಿಗೆ ಕಣ್ಣಿನ ನರ ಒಣಗುತ್ತ ಬರುವ ಕಾಯಿಲೆ ಅವನಿಗೆ ಹಿಡಿದಿತ್ತು. ಬಲಗಣ್ಣು ಹೋಗಿತ್ತು. ಎಡಗಣ್ಣಿನಲ್ಲಿ ನೇರ ಎದುರಿಗಿರುವುದಷ್ಟೇ ಚೊಕ್ಕ ಕಾಣುತ್ತಿತ್ತು, ಅಕ್ಕಪಕ್ಕದ್ದು ಇಲ್ಲ. ಶಿವಮೊಗ್ಗದ ಡಾಕ್ಟರು ಇನ್ನೊಂದು ವರ್ಷ ಇದ್ದರೆ ಹೆಚ್ಚು ಎಂದಿದ್ದರು. ಆ ನೋಟದಲ್ಲೇ ಅವನು ಆಗಲೂ ಆನೆಯ ಕಿವಿಯ ಮೇಲಿನ ಬಳ್ಳಿ ಕೆತ್ತುತ್ತಿದ್ದ.

ನಾನು ಪಟ್ಟಿಗಳ ಕಟ್ಟನ್ನು ಜಗಲಿಯಲ್ಲಿ ಬಿಚ್ಚಿದಾಗ ಅವನು ಒಂದನ್ನು ಮೂಗಿಗೆ ಹಿಡಿದು, 'ಇದಕ್ಕೆ ವಾಸನೆಯೇ ಇಲ್ಲ ಮಾರಾಯ' ಎಂದ. ಆಮೇಲೆ ಎರಡು ಬೆರಳ ನಡುವೆ ಬಾಗಿಸಿ ನೋಡಿ, 'ಆದ್ರೆ ಮಾತು ಕೇಳ್ತದೆ' ಎಂದು ಒಪ್ಪಿಕೊಂಡ. ಅವನು ಕೇಳಿದ್ದು ಒಂದೇ.

'ಹಾರೋ ದಿವ್ಸ ನನ್ನ ಕರ್ಕೊಂಡ್ ಹೋಗ್ಬೇಕು. ಇಲ್ಲಿವರೆಗೆ ನಾ ಮಾಡಿದ್ದೆಲ್ಲ ಯಾರದ್ದೋ ಶೋಕೇಸಲ್ಲಿ ಕೂತಿದ್ದಾವೆ. ಒಂದಾದ್ರೂ ಎದ್ದು ಹೋಗೋದನ್ನ ನೋಡ್ತೆ. ಕಣ್ಣು ಇರೋದ್ರೊಳಗೆ.'

ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಅವನು ಮಾಡಿದ ಏಳನ್ನೂ ತರಲು ಹೋದ ದಿನ ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ನಾನು ಅಷ್ಟು ಚೆಂದದ ಕೆಲಸ ಕಂಡಿರಲಿಲ್ಲ. ಕೂಡಿಸಿದ ಜಾಗದಲ್ಲಿ ಉಗುರು ಸಹ ತಡೆಯುತ್ತಿರಲಿಲ್ಲ. ಅತ್ತಿಗೆ ಕಬ್ಬಿನಹಾಲಿನ ಸಿಹಿ ತೊಡೆದೇವಿನ ತಟ್ಟೆ ತಂದು ಮುಂದಿಟ್ಟರು, ಅಣ್ಣ ಎದುರು ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಕ್ರಮವೆಂದರೆ ಹೀಗೆ: ಪ್ರತಿಯೊಂದಕ್ಕೂ ಪಕ್ಕದಿಂದ ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದು, ಅಂಗುಲ ಅಂಗುಲ ನೋಡಬೇಕು. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಬೇಕು. ಆಮೇಲೆ ಸಹಿ. ಬೇರೆ ಯಾರು ಮಾಡಿದ್ದರೂ ನಾನು ಅಲ್ಲೇ ಅರ್ಧ ದಿನ ಕೂರುತ್ತಿದ್ದೆ. ಆದರೆ ಅಣ್ಣನ ಕಣ್ಣೆದುರು ಭೂತಗನ್ನಡಿ ತೆಗೆದು ಅವನ ಕೆಲಸವನ್ನು ಪರೀಕ್ಷೆ ಮಾಡಲು ನನಗೆ ಕೈ ಬರಲಿಲ್ಲ. ಶೆಡ್ಡಿನಲ್ಲಿ ನೋಡಿದರಾಯಿತು ಎಂದುಕೊಂಡೆ. ಶೆಡ್ಡಿನಲ್ಲಿ ಎಲ್ಲರೂ ಮೆಚ್ಚಿ ಕೈಯಿಂದ ಕೈಗೆ ದಾಟಿಸುತ್ತಿದ್ದಾಗ, ಪುಸ್ತಕ ತೆಗೆದು 'ಪರೀಕ್ಷಿಸಲಾಗಿದೆ, ದೋಷವಿಲ್ಲ' ಎಂದು ಬರೆದು ಸಹಿ ಹಾಕಿದೆ. ಅಣ್ಣ ಮಾಡಿದ್ದು ತಾನೇ.

ರಿಬ್ಬುಗಳು ಕೂತವು. ಹೊಸ ಬಟ್ಟೆ ಹೊದಿಸಿ, ಹೊಲಿದು, ಮೇಲೆ ಪದರ ಪದರವಾಗಿ ಬಟ್ಟೆ ಬಿಗಿಯುವ ಬಣ್ಣ ಹಚ್ಚಿದೆವು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಚೆಂಡೆಯ ಹಾಗೆ ನುಡಿಯಿತು. ಪೈಲಟ್ ಸಾಹೇಬರು ಒಂದು ಸುತ್ತು ಹಾರಿಸಿ ಬಂದು ನನ್ನ ಬೆನ್ನು ತಟ್ಟಿದರು. ಪ್ರದರ್ಶನಕ್ಕೆ ಹತ್ತು ದಿನ ಉಳಿದಿತ್ತು. ಅಣ್ಣನನ್ನು ಯಾವ ರೈಲಿಗೆ ಕರೆದುಕೊಂಡು ಹೋಗುವುದು, ಎಲ್ಲಿ ಉಳಿಸುವುದು ಎಂದು ಮಾತಾಡಲು ನಾನು ಸಾಗರಕ್ಕೆ ಹೋದೆ.

ಅಣ್ಣ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಗೋಡೆಯ ಮೊಳೆಗೆ ತೂಗು ಹಾಕಿದ್ದ. ಅದರ ವಿಷಯವಾಗಿ ಅತ್ತಿಗೆ ಅವನನ್ನು ಸಾಕಷ್ಟು ಕಾಡಿಸಿ ಮುಗಿಸಿ, ಆಮೇಲೆ ನನ್ನ ಕಡೆ ತಿರುಗಿದರು.

'ನಿಂದೇನು ಕಡಿಮೆ? ಮದ್ವೆ ಮನೇಲಿ ಎಲೆ ತುದಿ ಹರ್ದಿದ್ದನ್ನೂ ಕಂಡುಹಿಡಿಯೋನು ನೀನು. ಆ ವಿಮಾನದ ಕೋಲಲ್ಲಿ ಒಂದು ಉದ್ದಕ್ಕೆ ಸೀಳು ಬಿಟ್ಟಿತ್ತು. ಇವ್ರು ಅದ್ರದ್ದೇ ಹುಡಿ ತುಂಬಿ ಹೆಂಗೆ ಮುಚ್ಚಿದ್ರು ಅಂದ್ರೆ, ನಿನ್ ಕಣ್ಣಿಗೂ ಬೀಳ್ಲಿಲ್ಲ ನೋಡು!'

ಅಣ್ಣ ಹೆಮ್ಮೆಯಿಂದ ನಕ್ಕ.

ಅವನ ತಪ್ಪು ಇಷ್ಟೇ: ಅವನು ತನಗೆ ಗೊತ್ತಿದ್ದ ಹಾಗೆ ಒಳ್ಳೆಯ ಕೆಲಸ ಮಾಡಿದ್ದ. ಗಂಧದ ತುಂಡಿಗೆ ಸೀಳು ಬಿದ್ದರೆ ಅದನ್ನು ಎಸೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ, ಸೀಳಿಗೆ ತುಂಬಿ, ಎಳೆಗೆ ಎಳೆ ಕೂಡುವ ಹಾಗೆ ಉಪ್ಪುಕಾಗದದಿಂದ ಉಜ್ಜುತ್ತಾರೆ. ಮುಚ್ಚಿದ್ದು ಗೊತ್ತಾಗದಿದ್ದರೆ ಅದು ಕಸುಬುಗಾರಿಕೆ. ಗೊತ್ತಾದರೆ ಹುಡುಗಾಟ. ವಿಮಾನದ ಕೆಲಸದಲ್ಲಿ ಇದು ಪೂರಾ ತಿರುಗಾಮುರುಗಾ. ಅಲ್ಲಿ ಸೀಳು ಬಿಡುವುದು ಅಪರಾಧವಲ್ಲ, ಅದನ್ನು ಕಾಣದಂತೆ ಮಾಡುವುದು ಅಪರಾಧ. ಇದನ್ನು ಅವನಿಗೆ ಹೇಳಿಕೊಡಬೇಕಾದವನು ನಾನು. ಅವನಿಗೆ ಏನು ಹೇಳುವುದು, ಅವನಿಗಿಂತ ಮರ ಗೊತ್ತಿದ್ದವರು ಯಾರು ಎಂದು ಸುಮ್ಮನಿದ್ದೆ.

'ಏಳರಲ್ಲಿ ಯಾವ್ದಣ್ಣ?' ಎಂದು ಕೇಳಿದೆ.

'ಯಾವ್ದು ಅಂದ್ರೆ? ನಂಗೇ ಈಗ ಹುಡ್ಕೋಕೆ ಆಗಲ್ಲ. ಗೊತ್ತಾಗ್ಬಾರ್ದು ಅಂತ್ಲೇ ಅಲ್ವ ಮುಚ್ಚೋದು?'

'ಬಟ್ಟೆ ಹರಿದು ನೋಡ್ಬೇಕು.'

'ಎಂತಕ್ಕೆ?'

ಹೇಳಿದೆ. ಹಾರುವಾಗ ರೆಕ್ಕೆ ಒಂದೇ ಸಮನೆ ನಡುಗುತ್ತಿರುತ್ತದೆ, ಹುಡಿ ಮತ್ತು ಅಂಟು ಆ ನಡುಕವನ್ನು ಎಷ್ಟು ದಿನ ತಾಳುತ್ತದೋ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದರ ಮೇಲೆ ಮನುಷ್ಯನನ್ನು ಕೂರಿಸುವ ಹಾಗಿಲ್ಲ ಎಂದೆ. ಅಣ್ಣ ಪೂರ್ತಿ ಕೇಳಿಸಿಕೊಂಡ. ಅತ್ತಿಗೆ ಸೆರಗಿನ ತುದಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

'ಮತ್ತೆ ಪ್ರದರ್ಶನ?' ಎಂದು ಅಣ್ಣ ಕೇಳಿದ.

'ಈ ವರ್ಷ ಆಗ್ಲಿಕ್ಕಿಲ್ಲ. ಹೊಸ ಮರ ಬರೋಕೇ ತಿಂಗಳುಗಟ್ಟಲೆ ಬೇಕು.'

ಅವನು ಗೋಡೆಯ ಅಂಗಿಯ ಕಡೆ ತಿರುಗಿದ. ಅವನಿಗೆ ಒಂದು ವಸ್ತುವನ್ನು ನೋಡಬೇಕಾದರೆ ಇಡೀ ತಲೆ ತಿರುಗಿಸಬೇಕಾಗಿತ್ತು. 'ನಾ ಮುಚ್ಚಿದ್ದು ಇವತ್ತಿನವರೆಗೆ ಒಂದೂ ಬಾಯಿ ಬಿಟ್ಟಿಲ್ಲ' ಎಂದ. ಆಮೇಲೆ, 'ನಂಗೆ ಈ ವರ್ಷ ಬಿಟ್ರೆ ಇಲ್ಲ, ಗೊತ್ತಲ್ಲ ನಿಂಗೆ' ಎಂದ. ಬೇಡಿಕೊಳ್ಳುವ ದನಿ ಅಲ್ಲ. ನಾನು ಎದ್ದು ಅಂಗಳಕ್ಕೆ ಇಳಿದೆ.

ಮರುದಿನ ಬೆಳಿಗ್ಗೆ ಸಾಗರದಲ್ಲಿ ಬಸ್ಸು ಹತ್ತಿದೆ, ಹೊಸನಗರಕ್ಕೆ ಟಿಕೆಟ್ ತೆಗೆದುಕೊಂಡೆ. ಮನೆಗೆ ಹೋಗಿ ಯೋಚಿಸೋಣ ಎಂಬ ನೆಪ. ದಾರಿಯುದ್ದಕ್ಕೂ ನನ್ನ ತಲೆ ಒಬ್ಬ ಕೆಟ್ಟ ವಕೀಲನ ಹಾಗೆ ವಾದ ಮಾಡಿತು. ಸೀಳು ಬಹಳ ಸಣ್ಣದಿರಬೇಕು. ಅಷ್ಟೊಂದು ರಿಬ್ಬುಗಳಲ್ಲಿ ಒಂದು ಸೋತರೆ ಉಳಿದವು ತಾಳಿಕೊಳ್ಳುತ್ತವೆ. ಆಗಲೇ ಒಮ್ಮೆ ಹಾರಿ ಇಳಿದಿದೆಯಲ್ಲ. ಇನ್ನೊಂದೇ ಸಲ, ಏಳೇ ನಿಮಿಷ, ಅದೂ ಮೆತ್ತಗೆ. ಅಣ್ಣ ನೋಡಲಿ. ಮರುದಿನವೇ ನಾನೇ ಬಟ್ಟೆ ಹರಿಯುತ್ತೇನೆ. ಯಾರಿಗೆ ಗೊತ್ತಾಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ನನ್ನ ಸೇವೆಯಲ್ಲಿ ಬೇರೆಯವರ ಬಾಯಲ್ಲಿ ಕೇಳಿದ್ದೆ. ಕೇಳಿದವರ ಮೇಲೆ ಹಾರಾಡಿದ್ದೆ.

ಹೊಸನಗರ ಬಂತು. ನಾನು ಏಳಲಿಲ್ಲ. ಕಂಡಕ್ಟರ್ ಪರಿಚಯದವನು.

'ಇಳಿಯಲ್ವಾ? ನಿಮ್ಮೂರು ಬಂತು.'

'ತೀರ್ಥಹಳ್ಳಿಗೆ ಕೊಡು' ಎಂದೆ.

ಪೈಲಟ್ ಸಾಹೇಬರ ಮನೆ ತೀರ್ಥಹಳ್ಳಿಯ ಸೇತುವೆಯ ಈಚೆ, ಮಹಡಿಯ ಮೇಲೆ. ಮೆಟ್ಟಿಲು ಹತ್ತಿ ತಾರಸಿಗೆ ಬಂದಾಗ ಅವರು ನನ್ನನ್ನು ಗಮನಿಸಲಿಲ್ಲ. ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದರು. ಬಲಗೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ತಿರುವು ಬಂದಲ್ಲಿ ಅಂಗೈ ವಾಲಿಸಿ, ಅದರ ಜೊತೆ ತಾವೂ ವಾಲುತ್ತಿದ್ದರು. ಎಡಗೈಯಲ್ಲಿ ಗಡಿಯಾರ. ಪ್ರದರ್ಶನದ ಪೈಲಟ್‌ಗಳು ಹಾರುವುದಕ್ಕೆ ಮೊದಲು ಹೀಗೆ ನೆಲದ ಮೇಲೆ ನಡೆದು ಒಂದೊಂದು ತಿರುವನ್ನೂ ಮೈಗೆ ಹಿಡಿಸಿಕೊಳ್ಳುತ್ತಾರೆ. ಅರವತ್ತೆಂಟರ ಮನುಷ್ಯ, ಮುಗುಳ್ನಗುತ್ತ, ಒಗೆದ ಬಟ್ಟೆ ಒಣಹಾಕಿದ ತಾರಸಿಯಲ್ಲಿ ಇಳಿದು ನಿಂತರು. ಆಗ ನನ್ನನ್ನು ನೋಡಿದರು.

'ಬನ್ನಿ ಸಾರ್ಜೆಂಟ್ರೇ. ಆರು ನಿಮಿಷ ಐವತ್ತು ಸೆಕೆಂಡು. ಹೆಂಗೆ?'

ನಿಂತುಕೊಂಡೇ ಹೇಳಿದೆ. ಒಂದು ಪಟ್ಟಿ ಸೀಳಿತ್ತು ಸರ್, ಅಣ್ಣ ಅದನ್ನು ಮುಚ್ಚಿದ್ದಾನೆ, ಯಾವುದೆಂದು ಗೊತ್ತಿಲ್ಲ, ನಿನ್ನೆ ಗೊತ್ತಾಯಿತು, ವಿಮಾನ ಹಾರಿಸಕೂಡದು ಎಂದೆ. ಅವರ ಮುಖದ ನಗು ಹೋಗಲು ಸ್ವಲ್ಪ ಸಮಯ ಹಿಡಿಯಿತು. ಅವರು ಬೈಯಲಿಲ್ಲ. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು.

'ನೀವು ನೋಡಿದ್ರಲ್ಲ?'

'ನೋಡಿದ್ದೆ ಸರ್' ಎಂದೆ. 'ಕಾಣ್ಲಿಲ್ಲ.'

ಇಷ್ಟೇ ನಾನು ಹೇಳಿದ್ದು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. 'ನಿಮ್ ಕಣ್ಣಿಗೂ ಕಾಣದಂಗೆ ಮುಚ್ಚಿದಾರೆ ಅಂದ್ರೆ ಅವ್ರು ಅಪಾಯದ ಮನುಷ್ಯ' ಎಂದು ಅವರು ನಿಧಾನವಾಗಿ ಹೇಳಿ, ಫೋನ್ ತೆಗೆದುಕೊಂಡು ಒಳಗೆ ಹೋದರು. ನಾನು ತಾರಸಿಯಲ್ಲಿ ನಿಂತು ಕೆಳಗೆ ತುಂಗೆಯ ಕಡೆ ನೋಡಿದೆ. ಕರೆದು ಸರಿಪಡಿಸಲು ಬೇಕಾದಷ್ಟು ಹೊತ್ತಿತ್ತು. ಸರಿಪಡಿಸಲಿಲ್ಲ.

ಎರಡು ದಿನದ ಮೇಲೆ ಶೆಡ್ಡಿನಲ್ಲಿ ರೆಕ್ಕೆಯ ಬಟ್ಟೆಯನ್ನು ನಾನೇ ಕತ್ತರಿಸಿದೆ. ಪಕ್ಕದಿಂದ ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದು, ಕ್ರಮ ಹೇಗೋ ಹಾಗೆ. ಮೂರನೆಯದರಲ್ಲಿ ಸಿಕ್ಕಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಬರಿಗಣ್ಣಿಗೆ ಏನೂ ಇಲ್ಲ. ಗಾಜಿನ ಕೆಳಗೆ ನೋಡಿದರೆ ಒಂದು ಗೇಣು ಉದ್ದಕ್ಕೆ ಮರದ ಎಳೆಗಳ ನಡುವೆ ಎಳೆಯೇ ಇಲ್ಲದ ಸಣ್ಣ ಗೆರೆ. ಬೆಂಕಿಕಡ್ಡಿಯಿಂದ ತಟ್ಟಿದರೂ ಸದ್ದು ಬೇರೆ. ಹೊಸದಾಗಿ ಕೆಲಸಕ್ಕೆ ಸೇರಿದವನೂ ಹಿಡಿಯುತ್ತಿದ್ದ. ಉಳಿದ ಆರರಲ್ಲಿ ಯಾವ ದೋಷವೂ ಇರಲಿಲ್ಲ.

ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಜೊತೆಯವರು ಸುತ್ತ ನಿಂತಿದ್ದರು. ಒಬ್ಬರು, ಬೊಂಬೆ ಮಾಡುವವರ ಕೈಗೆ ವಿಮಾನ ಕೊಟ್ಟರೆ ಹೀಗೇ ಆಗುವುದು ಎಂದರು. ಇನ್ನೊಬ್ಬರು ಹೌದೆಂದರು. ನಾನು ಪೆನ್ನು ತೆಗೆದು, 'ಮಾಡಿದವರು ಸೀಳನ್ನು ಮುಚ್ಚಿದ್ದರು. ಪರೀಕ್ಷೆಯಲ್ಲಿ ಕಾಣುವಂತಿರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಅಣ್ಣ ತಾನು ಮುಚ್ಚಿದ್ದನ್ನು ಮನೆಮಂದಿಯೆದುರು ಹೇಳಿಕೊಂಡು ನಕ್ಕಿದ್ದ. ನಾನು ಮುಚ್ಚಿದ್ದು ಯಾರಿಗೂ ತಿಳಿಯದಂತೆ ಉಳಿಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಆ ವರ್ಷದ ಪ್ರದರ್ಶನದಲ್ಲಿ ನಮ್ಮ ವಿಮಾನ ನೆಲದ ಮೇಲೆ ನಿಂತಿತ್ತು, ಎಡರೆಕ್ಕೆಯ ಬಟ್ಟೆ ಬಿಚ್ಚಿದ ಹಾಗೆಯೇ. ಹಗ್ಗದಾಚೆಯಿಂದ ಜನ ಫೋಟೋ ತೆಗೆದರು. ಬೆನ್ನು ಮಾಡಿ ನಿಂತು ತಮ್ಮ ಮುಖವನ್ನೇ ತೆಗೆದುಕೊಳ್ಳುವವರ ಮೇಲೆ ನಾನು ಸುಮ್ಮಸುಮ್ಮನೆ ರೇಗಿದೆ. ಕೆಲವರು ರೆಕ್ಕೆಯೊಳಗೆ ಬಗ್ಗಿ ನೋಡಿ, ಎಷ್ಟು ನಾಜೂಕು, ಯಾರು ಮಾಡಿದ್ದು ಎಂದು ಕೇಳಿದರು. ನಮ್ಮವರು ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ಅಣ್ಣ ಬಂದಿರಲಿಲ್ಲ. ನೆಲದ ಮೇಲೆ ನಿಂತದ್ದನ್ನು ನೋಡಲು ಅಷ್ಟು ದೂರ ಏಕೆ ಎಂದು ಫೋನಿನಲ್ಲಿ ಹೇಳಿದ್ದ.

ಹೊಸ ಮರ ಬಂದಾಗ ಬೇಸಿಗೆ. ಹೊರಗಿನವರ ಕೈಗೆ ಕೊಡುವುದು ಬೇಡವೆಂದು ಶೆಡ್ಡಿನಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಆ ಒಂದು ರಿಬ್ಬನ್ನು ನಾನೇ ಮಾಡಬೇಕಾಯಿತು. ಸಾಗರದ ಜಗಲಿಯಲ್ಲೇ ಕೂತು ಮಾಡಿದೆ. ಅಷ್ಟು ಹೊತ್ತಿಗೆ ಅಣ್ಣನಿಗೆ ಹಗಲು ರಾತ್ರಿಯ ವ್ಯತ್ಯಾಸವಷ್ಟೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕೂತು ಪಟ್ಟಿಗಳನ್ನು ಒಂದೊಂದಾಗಿ ತೆಗೆದುಕೊಂಡು ಹೆಬ್ಬೆರಳನ್ನು ಅದರ ಉದ್ದಕ್ಕೂ ಓಡಿಸಿದ. ಎರಡನ್ನು ಬದಿಗಿಟ್ಟು 'ಇವು ಬ್ಯಾಡ' ಎಂದ. ನನಗೆ ಏನೂ ಕಾಣಲಿಲ್ಲ. ಗಾಜು ಹಿಡಿದು ನೋಡಿದರೆ ಎರಡರಲ್ಲೂ ಎಳೆ ಓರೆಯಾಗಿ ಅಂಚಿಗೆ ಹರಿದು ಹೋಗಿತ್ತು. ನಾಲ್ಕು ದಿನ ಹೀಗೆ ಕೂತೆವು. ಹಿಂದಿನ ವರ್ಷದ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಪ್ರತಿ ದಿನವೂ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ. ಏನು ಎಂದು ಅವನು ಕೇಳಿದರೆ, ಉಳಿ ಕೊಡು ಎನ್ನುತ್ತಿದ್ದೆ.

ಆ ಚಳಿಗಾಲದ ಪ್ರದರ್ಶನಕ್ಕೆ ಅವನಾಗಿಯೇ ಬರುತ್ತೇನೆ ಎಂದ. ಕಾಣದವನಿಗೆ ಏನು ತೋರಿಸುತ್ತಾರೆ ಎಂದು ಅತ್ತಿಗೆ ಕಣ್ಣು ಒರೆಸಿಕೊಂಡರು. 'ತಮ್ಮ ಇದಾನಲ್ಲ' ಎಂದು ಅವನು ಬಿಳಿ ಅಂಗಿ ಹಾಕಿಕೊಂಡ. ಮೈದಾನದಲ್ಲಿ ಅವನನ್ನು ತಂತಿಬೇಲಿಯ ಪಕ್ಕದಲ್ಲಿ, ಜನಜಂಗುಳಿಯಿಂದ ಸ್ವಲ್ಪ ಆಚೆ ನಿಲ್ಲಿಸಿದೆ. ಜೆಟ್‌ಗಳು ಹೋದವು. ಅವನು ಕಿವಿ ಮುಚ್ಚಿಕೊಳ್ಳಲಿಲ್ಲ, ಹುಬ್ಬು ಗಂಟಿಕ್ಕಿ ಸಹಿಸಿಕೊಂಡ. ಆಮೇಲೆ ನಮ್ಮದರ ಸದ್ದು ಕೇಳಿತು. ಅವನು ನನ್ನ ತೋಳು ಹಿಡಿದ.

'ಇದೇ ಅಲ್ವ?'

'ಇದೇ. ನೆಲ ಬಿಡ್ತಾ ಇದೆ. ಬಿಡ್ತು. ಚೆನ್ನಾಗಿ ಏಳ್ತಾ ಇದೆ ಅಣ್ಣ, ಭಾರೀ ಚೆಂದ—'

'ಚೆಂದ ಗಿಂದ ಅನ್ಬ್ಯಾಡ. ಅದನ್ನ ನಾ ಮನೇಲೇ ಅಂದ್ಕೊಳ್ತಿದ್ದೆ. ಕಂಡಿದ್ದು ಹೇಳು.'

ಕಂಡದ್ದನ್ನು ಹೇಳತೊಡಗಿದೆ. ಬಲಗಡೆಯಿಂದ ಬರುತ್ತಿದೆ, ನಮ್ಮ ತಲೆಗಿಂತ ಎರಡು ತೆಂಗಿನ ಮರದಷ್ಟು ಮೇಲೆ. ಅಡ್ಡ ಗಾಳಿ ಹೊಡೆಯುತ್ತಿದೆ, ಎಡರೆಕ್ಕೆ ಸ್ವಲ್ಪ ಕುಸಿಯಿತು. ನನ್ನ ದನಿ ನಡುಗಿರಬೇಕು, ತೋಳಿನ ಮೇಲಿನ ಅವನ ಹಿಡಿತ ಬಿಗಿಯಾಯಿತು. ಈಗ ಎತ್ತಿಕೊಂಡರು, ಸಮ ಆಯಿತು. ಬಿಸಿಲು ಬಟ್ಟೆಯೊಳಗಿಂದ ಹಾಯುತ್ತಿದೆ. ಒಳಗಿನ ರಿಬ್ಬುಗಳ ನೆರಳು ಸಾಲಾಗಿ ಕಾಣುತ್ತಿದೆ, ಎಣಿಸಬಹುದು.

'ಕಾಣ್ತಾವಾ?' ಎಂದ. 'ಹೊರಗಿಂದ ಕಾಣ್ತಾವಾ?'

'ಎಲ್ಲ ಕಾಣ್ತಾ ಇದ್ದಾವೆ.'

ಅವನು ಮುಖ ಮೇಲೆತ್ತಿ ನಿಂತಿದ್ದ. ಸದ್ದು ನಮ್ಮನ್ನು ದಾಟಿ ಹೋಗಿ ಆಚೆ ತಿರುಗುತ್ತಿತ್ತು. ಅವನ ಮುಖ ಇನ್ನೂ ವಿಮಾನ ಇಲ್ಲದ ಕಡೆಗೇ ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

'ಅಣ್ಣ, ಆ ಏಳನ್ನು ನಾನು ನೋಡ್ಲೇ ಇಲ್ಲ. ಗಾಜು ತೆಗೀಲೇ ಇಲ್ಲ. ನೋಡಿದ್ದೆ, ಕಾಣ್ಲಿಲ್ಲ ಅಂತ ಎಲ್ರಿಗೂ ಹೇಳ್ದೆ. ಬರ್ದು ಸಹಿನೂ ಹಾಕ್ದೆ. ತಪ್ಪೆಲ್ಲ ನಿನ್ ತಲೆ ಮೇಲೆ ಬಂತು.'

'ಗೊತ್ತು' ಎಂದ.

'ಯಾರು ಹೇಳಿದ್ರು?'

'ಯಾರು ಹೇಳ್ಬೇಕು? ನೋಡಿದ್ರೆ ನಿಂಗೆ ಸಿಗ್ತಿತ್ತು.'

ನಾನು ಎಷ್ಟೋ ಬೈಗುಳಕ್ಕೆ ಸಿದ್ಧನಾಗಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ. ಅಷ್ಟು ಕಾಲವೂ ಅವನು ನನ್ನ ಕಣ್ಣನ್ನು ನಂಬಿಯೇ ನನ್ನ ಸುಳ್ಳನ್ನು ಹಿಡಿದಿದ್ದ. ಹಾಗಾದರೆ ಇಷ್ಟು ದಿನ ಏಕೆ ಕೇಳಲಿಲ್ಲ, ಆ ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದೆಯಲ್ಲ ಎಂದೆ.

'ನೀನೇ ಹೇಳ್ತೀಯ ಅಂತ ಇದ್ದೆ' ಎಂದ. ಆಮೇಲೆ ನನ್ನ ತೋಳು ಅಲುಗಿಸಿ, 'ಈಗ ಎಲ್ಲಿದೆ? ಹೇಳೋದು ನಿಲ್ಲಿಸ್ಬ್ಯಾಡ ಮಾರಾಯ' ಎಂದ.

ಕಣ್ಣು ಒರೆಸಿಕೊಂಡು ಮತ್ತೆ ಹೇಳಿದೆ. ತಿರುಗಿ ಬರುತ್ತಿದೆ, ಇಳಿಯುತ್ತಿದೆ, ಒಮ್ಮೆ ಪುಟಿಯಿತು, ಕೂತಿತು. ಜನ ಚಪ್ಪಾಳೆ ತಟ್ಟಿದರು. ಅಣ್ಣ ತಟ್ಟಲಿಲ್ಲ, ಎರಡು ಕೈಯಲ್ಲೂ ನನ್ನ ತೋಳು ಹಿಡಿದುಕೊಂಡಿದ್ದ. ಆಚೆ ಎಂಜಿನ್ ನಿಂತಿತು. ಪೈಲಟ್ ಸಾಹೇಬರು ರೆಕ್ಕೆಯ ಮೇಲೆ ಕಾಲಿಟ್ಟು ಕೆಳಗಿಳಿಯುತ್ತಿದ್ದರು, ಮುಖದ ತುಂಬ ನಗು. ಜೊತೆಯವರೆಲ್ಲ ಅಲ್ಲೇ ಇದ್ದರು, ಪುಸ್ತಕವೂ ಇತ್ತು. ಅವರಿಗೂ ಹೇಳುವುದಿತ್ತು. ಅಣ್ಣನ ಕೈ ಹಿಡಿದುಕೊಂಡು ಅತ್ತ ನಡೆದೆ.